ಟ್ರಸ್ ರಾಡ್ ಇಲ್ಲದ ಹಳೇ ಗ್ರಾಫೈಟ್ ನೆಕ್ ಬೇಸ್: ತಗೊಳ್ಳಲಾ, ಬಿಡಲಾ?

ಮಂದ್ರ_ಷಡ್ಜ (ಶುಕ್ರವಾರ, ರಾತ್ರಿ 10:52)

ಎಲ್ಲರಿಗೂ ನಮಸ್ಕಾರ. ಊರು ಮೈಸೂರು, ಸದ್ಯಕ್ಕೆ ಅಮೆರಿಕದ ಸನಿವೇಲ್. ಇಲ್ಲಿಂದ ಒಂದೂವರೆ ಗಂಟೆ ದೂರದಲ್ಲಿ ಒಬ್ಬ ನಿವೃತ್ತ ಸೌಂಡ್ ಇಂಜಿನಿಯರ್ ಮನೆ ಖಾಲಿ ಮಾಡ್ತಿದ್ದಾರೆ. ಅವರ ಹತ್ತಿರ 80ರ ದಶಕದ ಶುರುವಿನಲ್ಲಿ ಹೇಳಿ ಮಾಡಿಸಿದ ನಾಲ್ಕು ತಂತಿಯ ಬೇಸ್ ಗಿಟಾರ್ ಇದೆ. ಎರಡೂ ಪಕ್ಕ ಕೋಆ ಮರ, ನಡುವೆ ಹೆಡ್‌ಸ್ಟಾಕ್‌ನಿಂದ (ತಂತಿ ಬಿಗಿಯೋ ತುದಿ) ಬಾಡಿಯ ಕೊನೇವರೆಗೂ ಒಂದೇ ಕಪ್ಪು ಪಟ್ಟಿ. ಆ ಪಟ್ಟಿಯೇ ನೆಕ್ (ತಂತಿ ಒತ್ತೋ ಉದ್ದ ಹಿಡಿ), ಗ್ರಾಫೈಟ್. ಕಿಟಕಿ ಬೆಳಕಿಗೆ ಹಿಡಿದರೆ ಮೆರುಗಿನ ಕೆಳಗೆ ಬಾಚಿದ ಕೂದಲಿನ ಹಾಗೆ ಎಳೆಗಳು ಕಾಣ್ತವೆ. ತಯಾರಕರ ಹೆಸರು ಈಗ ಬೇಡ, ನಿಮ್ಮಲ್ಲೇ ಯಾರಾದರೂ ನನಗಿಂತ ಮೊದಲು ಹೋಗಿ ಎತ್ಕೊಂಡು ಬಂದುಬಿಟ್ಟರೆ ಕಷ್ಟ.

ಸಮಸ್ಯೆ ಇಷ್ಟೇ. ಟ್ರಸ್ ರಾಡ್ ಇಲ್ಲ, ಅಂದ್ರೆ ನೆಕ್ಕಿನ ಬಾಗು ತಿದ್ದೋಕೆ ಒಳಗಿರೋ ತಿರುಗಿಸೋ ಸರಳು. ನಟ್ (ಹೆಡ್‌ಸ್ಟಾಕ್ ಬುಡದಲ್ಲಿ ತಂತಿ ಕೂರೋ ಪಟ್ಟಿ) ಹಿಂದೆ ಮುಚ್ಚಳ ಇಲ್ಲ, ಬಾಡಿ ಕಡೆ ತೂತೂ ಇಲ್ಲ. 1ರಿಂದ 3ನೇ ಫ್ರೆಟ್‌ವರೆಗೆ (ನೆಕ್ ಮೇಲಿನ ಲೋಹದ ಮೆಟ್ಟಿಲು) ಎಲ್ಲಿ ಒತ್ತಿದರೂ ಕರಕರ. ಅವರು "ಈ ನೆಕ್ ಯಾವತ್ತೂ ಬಾಗಲ್ಲ" ಅಂತಾರೆ. ಬಾಗಲ್ಲ ಅಂದ್ರೆ ಕರಕರ ಯಾಕೆ? ತಿರುಗಿಸೋಕೆ ಏನೂ ಇಲ್ಲದ ನೆಕ್ಕನ್ನ ಸರಿ ಮಾಡೋದಾದ್ರೂ ಹೇಗೆ? ಹೊಸ ಬೇಸ್ ಎರಡು ಬರುವಷ್ಟು ದುಡ್ಡು ಕೇಳ್ತಿದ್ದಾರೆ. ಭಾನುವಾರದೊಳಗೆ ಹೇಳಬೇಕು.

ಹಲಸಿನ_ದಂಡಿ (ಶುಕ್ರವಾರ, ರಾತ್ರಿ 11:07)

ನಟ್‌ಗೆ ಪೆನ್ಸಿಲ್ ಉಜ್ಜೋದು ಗೊತ್ತಿತ್ತು ಸ್ವಾಮಿ. ಇಡೀ ನೆಕ್ಕೇ ಪೆನ್ಸಿಲ್‌ನಲ್ಲಿ ಮಾಡ್ತಾರೆ ಅಂತ ಗೊತ್ತಿರಲಿಲ್ಲ.

ಸೊನ್ನೆ_ಫ್ರೆಟ್ (ಶುಕ್ರವಾರ, ರಾತ್ರಿ 11:40)

@ಹಲಸಿನ_ದಂಡಿ ನಗಬೇಡಿ, ಹೆಸರೇ ತಪ್ಪು. ಅದು ಕಾರ್ಬನ್ ಫೈಬರ್. ಎಳೆಗಳನ್ನ ಇಪಾಕ್ಸಿಯಲ್ಲಿ ನೆನೆಸಿ, ಅಚ್ಚಿನಲ್ಲಿ ಹಾಕಿ, ಬಿಸಿ ಕೊಟ್ಟು ಗಟ್ಟಿ ಮಾಡಿದ್ದು. 70ರ ದಶಕದಲ್ಲಿ ಟೆನಿಸ್ ರಾಕೆಟ್, ಗಾಲ್ಫ್ ಕೋಲು ಎಲ್ಲಕ್ಕೂ ಅಮೆರಿಕದವರು ಗ್ರಾಫೈಟ್ ಅಂತಲೇ ಕರೀತಿದ್ದರು, ಬೇಸ್‌ಗೂ ಅದೇ ಅಂಟಿಕೊಂಡಿತು.

@ಮಂದ್ರ_ಷಡ್ಜ ನೀವಿರೋ ಜಾಗದ ಪಕ್ಕದಲ್ಲೇ ಈ ಕಥೆ ಹುಟ್ಟಿದ್ದು. ಪಾಲೋ ಆಲ್ಟೋದ ಬಾಹ್ಯಾಕಾಶ ಕಂಪನಿಯೊಂದರಲ್ಲಿ ಕೆಲಸ ಮಾಡ್ತಿದ್ದ ಜೆಫ್ ಗೌಲ್ಡ್ ತಾನೂ ಬೇಸ್ ನುಡಿಸ್ತಿದ್ದ. ಗ್ರೇಟ್‌ಫುಲ್ ಡೆಡ್ ತಂಡದ ಸಂಗೀತ ಕಛೇರಿಯಲ್ಲಿ ಫಿಲ್ ಲೆಶ್ ಕೈಯಲ್ಲಿದ್ದ ಅಲೆಂಬಿಕ್ ಕಂಪನಿಯ ಬೇಸ್ ನೋಡಿ, ನಾವು ಉಪಗ್ರಹಕ್ಕೆ ಹಾಕೋ ಸಾಮಾನಿನಲ್ಲಿ ಇದನ್ನ ಮಾಡಿದರೆ ಎಷ್ಟು ಹಗುರ ಆಗುತ್ತೆ ಅಂತ ಅವನ ತಲೆಗೆ ಬಂತು. ಅಲೆಂಬಿಕ್‌ನ ರಿಕ್ ಟರ್ನರ್ ಜತೆ ಸೇರಿ ನೆಕ್ ಮಾಡಿದ. 1977ರಲ್ಲಿ ಅಲೆಂಬಿಕ್ ಅಂಥ ಮೊದಲ ಬೇಸ್ ತೋರಿಸಿತು. ಅದನ್ನ ಕೊಂಡುಕೊಂಡವನು ಫ್ಲೀಟ್‌ವುಡ್ ಮ್ಯಾಕ್ ತಂಡದ ಜಾನ್ ಮ್ಯಾಕ್‌ವೀ. ಮರುವರ್ಷ ಗೌಲ್ಡ್ ಮಾಡ್ಯುಲಸ್ ಗ್ರಾಫೈಟ್ ಅನ್ನೋ ಕಂಪನಿ ಶುರು ಮಾಡಿದ. ಬೇರೆ ಕಂಪನಿಗಳಿಗೂ ಅಲ್ಲಿಂದ ನೆಕ್ ಹೋಗ್ತಿತ್ತು. ಮ್ಯೂಸಿಕ್ ಮ್ಯಾನ್ ಕಂಪನಿಯ ಕಟ್ಲಸ್ ಅಂದ್ರೆ ಅವರದ್ದೇ ಸ್ಟಿಂಗ್‌ರೇ ಬೇಸ್‌ನ ಬಾಡಿಗೆ ಮಾಡ್ಯುಲಸ್ ನೆಕ್ ಸೇರಿಸಿದ್ದು, ಅಷ್ಟೇ.

ಆ ಕಾಲದವರಿಗೆ ಟ್ರಸ್ ರಾಡ್ ಬಿಟ್ಟಿದ್ದು ಮರೆವಲ್ಲ, ಅದೇ ಹೆಮ್ಮೆ. ಬಾಗದ ನೆಕ್ಕಿಗೆ ಸರಿಮಾಡುವ ರಾಡ್ ಯಾಕೆ ಅಂತ. ಮಾಡ್ಯುಲಸ್‌ನವರೇ 90ರ ದಶಕದಲ್ಲಿ ರಾಡ್ ಹಾಕೋಕೆ ಶುರು ಮಾಡಿದರು. ಅದರಲ್ಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ.

ಕುಡ್ಲ_ಗ್ರೂವ್ (ಶನಿವಾರ, ಬೆಳಿಗ್ಗೆ 6:15)

ನಾನಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ ಮಾರಾಯ್ರೆ. ನಮ್ಮಲ್ಲಿ ಜೂನ್ ಬಂತೆಂದರೆ ಮನೆ ಬಾಗಿಲೇ ಚೌಕಟ್ಟಿಗೆ ಕೂರುವುದಿಲ್ಲ, ಇನ್ನು ಮೇಪಲ್ ಮರದ ನೆಕ್ ಎಂತ ಮಾಡೀತು? ಪ್ರತಿ ಮಳೆಗಾಲಕ್ಕೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಅಲೆನ್ ಕೀ ಹಿಡಿದು ಕೂರುವುದು. ಹೀಗೆ ಆರು ವರ್ಷ. ಕೊನೆಗೆ ಒಂದು ಅಂಗಡಿಯಲ್ಲಿ ಸೆಟಪ್‌ಗೆ ಕೊಟ್ಟಾಗ ಹುಡುಗ ರಾಡಿನ ತಲೆಯನ್ನೇ ಸವೆಸಿ ಕೊಟ್ಟ. ಮತ್ತೆ ಅದು ತಿರುಗಲೇ ಇಲ್ಲ.

ಈಗ ಅದೇ ಬೇಸ್‌ನ ಬಾಡಿಗೆ ಇಂಗ್ಲೆಂಡಿನ ಸ್ಟೇಟಸ್ ಕಂಪನಿಯವರ ಗ್ರಾಫೈಟ್ ನೆಕ್ ಹಾಕಿದ್ದೇನೆ, ಸೆಕೆಂಡ್ ಹ್ಯಾಂಡ್. ನಾಲ್ಕು ಮಳೆಗಾಲ ಕಳೆಯಿತು. ಇಗರ್ಜಿಯಲ್ಲಿ ಆದಿತ್ಯವಾರ ಪೆಟ್ಟಿಗೆ ತೆರೆದರೆ ಹೋದ ವಾರ ಇಟ್ಟ ಹಾಗೆಯೇ ಉಂಟು.

ಹುಬ್ಬಳ್ಳಿ_ಲೋ_ಇ (ಶನಿವಾರ, ಬೆಳಿಗ್ಗೆ 9:30)

ನಮಸ್ಕಾರ್ರೀ. ನಾ 20 ವರ್ಷದಿಂದ ಆರ್ಕೆಸ್ಟ್ರಾದಾಗ ಬೇಸ್ ಬಾರಿಸಾಕತ್ತೇನಿ. ಗಣಪತಿ, ಜಾತ್ರಿ, ಲಗ್ನ, ಎಲ್ಲಾ ಆಗ್ಯಾವ. ಡಿಸೆಂಬರದಾಗ ಬಯಲಾಗ ಸ್ಟೇಜ್ ಹಾಕಿರ್ತಾರ. ಸಂಜಿ 6ಕ್ಕ ಸೌಂಡ್ ಚೆಕ್ ಮಾಡೋಮುಂದ ಎಲ್ಲಾ ಬರೋಬ್ಬರಿ ಇರ್ತೈತಿ. ರಾತ್ರಿ 11 ಆತು, ಇಬ್ಬನಿ ಬೀಳಾಕ ಹತ್ತಿತು ಅಂದ್ರ ಸುರು ನೋಡ್ರಿ, ನನ್ನ ಇ ತಂತಿ (ಎಲ್ಲಾಕಿಂತ ದಪ್ಪಂದು) ಒಂದು ಕಡೆ, ಕೀಬೋರ್ಡ್ ಒಂದು ಕಡೆ. ಕೀಬೋರ್ಡ್‌ನಾಂವ ಹೊಳ್ಳಿ ನನ್ನ ಮಾರಿ ನೋಡ್ತಾನ. ಈ ಗ್ರಾಫೈಟ್ ಇದ್ರ ಶ್ರುತಿ ಬಿಡೂದ ಇಲ್ಲೇನ್ರಿ?

ರಾತ್ರಿ_ಪಾಳಿ (ಶನಿವಾರ, ಬೆಳಿಗ್ಗೆ 10:05)

ಬಿಡುತ್ತೆ ಅಣ್ಣ. ಇದೊಂದು ವಿಷಯದಲ್ಲಿ ಎಲ್ಲರೂ ಗ್ರಾಫೈಟ್‌ಗೆ ಇಲ್ಲದ ಕೀರ್ತಿ ಕೊಡ್ತಾರೆ. ನಾನು ಬೆಂಗಳೂರಲ್ಲಿ ವಿಮಾನದ ಕಾಂಪೋಸಿಟ್ ಭಾಗಗಳ ಕೆಲಸದಲ್ಲಿದ್ದೇನೆ, ದಿನಾ ಇದೇ ಸಾಮಾನು.

ಕಾರ್ಬನ್ ಫೈಬರ್ ನೆಕ್ ತೇವಕ್ಕೆ ಜಗ್ಗಲ್ಲ, ಬಿಸಿಗೂ ಉದ್ದಕ್ಕೆ ಹಿಗ್ಗೋದು ಹತ್ತಿರ ಹತ್ತಿರ ಸೊನ್ನೆ. ಆದರೆ ತಂತಿ ಉಕ್ಕಿನದು. ಸ್ಟೇಜ್ ಮೇಲೆ ಚಳಿ ಆದಾಗ ಉಕ್ಕು ಕುಗ್ಗುತ್ತೆ, ಶ್ರುತಿ ಏರುತ್ತೆ. ಲೈಟ್ ಬಿಸಿಗೆ ಹಿಗ್ಗುತ್ತೆ, ಶ್ರುತಿ ಇಳಿಯುತ್ತೆ. ನನ್ನ ಲೆಕ್ಕದಲ್ಲಿ 10 ಡಿಗ್ರಿ ವ್ಯತ್ಯಾಸಕ್ಕೆ 20 ಸೆಂಟ್ ಆಸುಪಾಸು, ಅಂದ್ರೆ ಪಕ್ಕದ ಫ್ರೆಟ್‌ಗಿರೋ ಅಂತರದ ಐದನೇ ಒಂದು ಪಾಲು. ಅದು ಯಾವ ನೆಕ್ ಇದ್ದರೂ ಆಗೋದೇ. ನಿಮ್ಮ ಇಬ್ಬನಿ ರಾತ್ರಿಯ ತೊಂದರೆಯಲ್ಲಿ ದೊಡ್ಡ ಪಾಲು ಚಳೀದು, ತೇವದ್ದಲ್ಲ. ತೇವ ಗಂಟೆಗಟ್ಟಲೆ ಅಲ್ಲ, ವಾರಗಟ್ಟಲೆ ಕೆಲಸ ಮಾಡುತ್ತೆ. ಮಂಗಳೂರಿನವರು ಹೇಳಿದ್ದು ಆ ಬಗೆ.

ಹುಬ್ಬಳ್ಳಿ_ಲೋ_ಇ (ಶನಿವಾರ, ಬೆಳಿಗ್ಗೆ 10:11)

ಹಂಗಾರ ನನಗ ಬೇಕಾಗಿದ್ದು ನೆಕ್ ಅಲ್ಲ, ಟ್ಯೂನರ್ ಮತ್ತ ಒಂದು ಶಾಲು.

ಹಲಸಿನ_ದಂಡಿ (ಶನಿವಾರ, ಮಧ್ಯಾಹ್ನ 12:20)

ನಾನು ಜಗಳಕ್ಕೆ ಬಂದೆ ಅಂತ ತಿಳ್ಕೋಬೇಡಿ. ನಮ್ಮ ತಂದೆ ವೀಣೆ ನುಡಿಸ್ತಾರೆ. ಹಲಸಿನ ಮರ, ಮೇಣದ ಮೇಲೆ ಕೂರಿಸಿದ ಮೆಟ್ಟಿಲು. ಏಪ್ರಿಲ್‌ನಲ್ಲಿ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತೆ, ಮೇಳ ಕಟ್ಟೋರನ್ನ ಕರೆಸಬೇಕು. ಯಾರೂ ಅದನ್ನ ದೋಷ ಅಂತ ತೆಗೆದು ಹಾಕಿಲ್ಲ. ಮರ ಉಸಿರಾಡುತ್ತೆ, ಅದಕ್ಕೇ ನಾದ. ಬೇಸ್‌ನಲ್ಲೂ ಅಷ್ಟೇ. ಜೇಮ್ಸ್ ಜೇಮರ್ಸನ್ ಕೈಯಲ್ಲಿದ್ದ 1962ರ ಫೆಂಡರ್ ಪ್ರಿಸಿಷನ್ ಬೇಸ್‌ನ ನೆಕ್ ಬಾಗಿ ತಂತಿ ಎದ್ದು ನಿಂತಿತ್ತಂತೆ, ಬೇರೆಯವರಿಗೆ ಒತ್ತೋಕೇ ಆಗ್ತಿರಲಿಲ್ಲವಂತೆ. ಮೋಟೌನ್ ಕಂಪನಿಯ ಅಷ್ಟೊಂದು ಹಿಟ್ ಹಾಡು ಅದರಲ್ಲೇ ಬಂತಲ್ಲ? ಗ್ರಾಫೈಟ್ ಕೇಳಿದಾಗೆಲ್ಲ ನನಗೆ ಪಿಯಾನೋದ ಎಡಗೈ ಕೇಳಿದ ಹಾಗಾಗುತ್ತೆ. ಚೊಕ್ಕಟ, ಆದರೆ ಆಸ್ಪತ್ರೆ ಚೊಕ್ಕಟ.

ಕುಡ್ಲ_ಗ್ರೂವ್ (ಶನಿವಾರ, ಮಧ್ಯಾಹ್ನ 12:34)

ಪಿಯಾನೋ ಎಂದು ಬೈದಿರೋ ಹೊಗಳಿದಿರೋ? ಐದು ತಂತಿಯ ಬೇಸ್‌ನ ಲೋ ಬಿ (ಎಲ್ಲಕ್ಕಿಂತ ಮಂದ್ರದ ತಂತಿ) ಪಿಯಾನೋ ಹಾಗೆ ಕೇಳಲಿ ಎಂದೇ ಮಾಡ್ಯುಲಸ್‌ನವರು ಸ್ಕೇಲನ್ನು, ಎಂದರೆ ತಂತಿ ಕಂಪಿಸುವ ಉದ್ದವನ್ನು, 34 ಇಂಚಿನಿಂದ 35ಕ್ಕೆ ಎಳೆದದ್ದು. ಈಗ ಎಷ್ಟು ಕಂಪನಿಗಳ ಐದು ತಂತಿಯ ಬೇಸ್ 35 ಇಂಚು ಉಂಟು, ಲೆಕ್ಕ ಹಾಕಿ. ಮತ್ತೆ ರೆಡ್ ಹಾಟ್ ಚಿಲಿ ಪೆಪರ್ಸ್ ತಂಡದ ಫ್ಲೀ? ಅವರು ವರ್ಷಗಟ್ಟಲೆ ಮಾಡ್ಯುಲಸ್ ಹಿಡಿದೇ ಕುಣಿದದ್ದು. ಅದರಲ್ಲಿ ಆಸ್ಪತ್ರೆ ವಾಸನೆ ಎಲ್ಲಿ ಬಂತು ನಿಮಗೆ?

ಸೊನ್ನೆ_ಫ್ರೆಟ್ (ಶನಿವಾರ, ಮಧ್ಯಾಹ್ನ 1:02)

ಇಬ್ಬರೂ ಸ್ವಲ್ಪ ತಾಳಿ. ಗ್ರಾಫೈಟ್ ಅಂತ ಒಂದೇ ಸದ್ದಿಲ್ಲ. ನೆಡ್ ಸ್ಟೈನ್‌ಬರ್ಗರ್‌ನ ಎಲ್2 ಬೇಸ್ ತಗೊಳ್ಳಿ. ಹೆಡ್‌ಸ್ಟಾಕ್ ಇಲ್ಲ, ಬಾಡಿ ಅಂದ್ರೆ ಒಂದು ಪುಟ್ಟ ಡಬ್ಬಿ, ನೆಕ್ ಬಾಡಿ ಎಲ್ಲ ಕಾಂಪೋಸಿಟ್. ಅವನು ಮೂಲತಃ ಪೀಠೋಪಕರಣದ ವಿನ್ಯಾಸಗಾರ, ಬೇಸ್ ಮಾಡುವವನೇ ಅಲ್ಲ. ಅದಕ್ಕೇ ಯಾರಿಗೂ ಬರದ ಧೈರ್ಯ ಅವನಿಗೆ ಬಂತು ಅಂತ ನನ್ನ ಅನಿಸಿಕೆ. 80ರ ದಶಕದಲ್ಲಿ ರಷ್ ತಂಡದ ಗೆಡ್ಡಿ ಲೀ ಅದನ್ನೇ ಹಿಡಿದಿದ್ದ. ಅದರ ಸದ್ದು ಬೇರೆ. ಮಂದ್ರ_ಷಡ್ಜ ನೋಡಿದ ಹಾಗೆ ಪಕ್ಕಕ್ಕೆ ಕೋಆ ಅಂಟಿಸಿದ್ದರ ಸದ್ದು ಬೇರೆ. ಮೇಪಲ್ ನೆಕ್ ಒಳಗೆ ಎರಡು ಕಾರ್ಬನ್ ಪಟ್ಟಿ ಹುದುಗಿಸಿದ್ದು ಇನ್ನೂ ಬೇರೆ. ಫ್ರಾನ್ಸಿನ ವಿಜಿಯೇ ಕಂಪನಿಯವರು ಹತ್ತರಲ್ಲಿ ಒಂದು ಪಾಲು ಕಾರ್ಬನ್, ಒಂಬತ್ತು ಪಾಲು ಮರ ಅಂತ ಮಾಡಿ ಟ್ರಸ್ ರಾಡನ್ನೇ ಬಿಟ್ಟುಬಿಟ್ಟರು.

ಹಲಸಿನ ದಂಡಿಯವರೇ, ನಿಮ್ಮ ಬೇಸ್‌ನಲ್ಲಿ ಜಿ ತಂತಿ (ಎಲ್ಲಕ್ಕಿಂತ ತೆಳುವಾದದ್ದು) 5ನೇ ಫ್ರೆಟ್ ಒತ್ತಿ ಮೀಟಿ. ಆಮೇಲೆ 3ನೇದು ಮೀಟಿ. ಏನಾಯ್ತು ಹೇಳಿ.

ಹಲಸಿನ_ದಂಡಿ (ಶನಿವಾರ, ಮಧ್ಯಾಹ್ನ 1:25)

ನನ್ನದರಲ್ಲಿ ಸ್ವರ ಸಾಯೋದು 6ನೇ ಫ್ರೆಟ್‌ನಲ್ಲಿ. ಡುಬ್ ಅಂತ ಬೀಳುತ್ತೆ, ನೀರಿಗೆ ಕಲ್ಲು ಹಾಕಿದ ಹಾಗೆ. ಗೊತ್ತು ನನಗೆ, ಹತ್ತು ವರ್ಷದಿಂದ ಅಲ್ಲಿ ಉದ್ದ ಸ್ವರ ನಿಲ್ಲಿಸೋದೇ ಬಿಟ್ಟಿದ್ದೇನೆ. ಹೇಳ್ಕೊಂಡು ತಿರುಗೋದಿಲ್ಲ ಅಷ್ಟೇ.

ಹುಬ್ಬಳ್ಳಿ_ಲೋ_ಇ (ಶನಿವಾರ, ಮಧ್ಯಾಹ್ನ 1:31)

ನಂದರಾಗ 5ನೇದು. ಹೆಡ್‌ಸ್ಟಾಕಿಗೆ ಬಡಿಗ್ಯಾರ ಸಿ ಕ್ಲಾಂಪ್ ಬಿಗದ್ರ ಆ ಸ್ವರ ಬದುಕತೈತ್ರಿ, ಆದ್ರ 4ನೇದು ಸಾಯ್ತೈತಿ!

ರಾತ್ರಿ_ಪಾಳಿ (ಶನಿವಾರ, ಮಧ್ಯಾಹ್ನ 2:10)

ಹುಬ್ಬಳ್ಳಿಯವರ ಕ್ಲಾಂಪ್ ಒಂದೇ ಸಾಕು ವಿಷಯ ತಿಳಿಯೋಕೆ. ತುದಿಗೆ ತೂಕ ಹಾಕಿದರೆ ನೆಕ್ಕಿನ ಸ್ವಂತ ಕಂಪನ ನಿಧಾನ ಆಗುತ್ತೆ, ಡೆಡ್ ಸ್ಪಾಟ್ (ಸ್ವರ ಸಾಯೋ ಜಾಗ) ಒಂದು ಫ್ರೆಟ್ ಕೆಳಗೆ ಹೋಗುತ್ತೆ.

ತಂತಿ ಮೀಟಿದಾಗ ಅದರ ಶಕ್ತಿ ಪಿಕಪ್ (ಕಂಪನ ಹಿಡಿಯೋ ಅಯಸ್ಕಾಂತದ ಭಾಗ) ಮೇಲೆ ಅಲ್ಲಾಡೋದ್ರಲ್ಲೇ ಖರ್ಚಾಗಬೇಕು. ಆದರೆ ನೆಕ್ಕೂ ತನ್ನದೇ ಒಂದು ಸ್ವರದಲ್ಲಿ ತೂಗಬಲ್ಲದು, ಮರದ ಬೇಸ್‌ಗಳಲ್ಲಿ ಅದು ಜಿ ತಂತಿಯ 5ರಿಂದ 7ನೇ ಫ್ರೆಟ್ ಹತ್ತಿರ, ಅಂದ್ರೆ 130ರಿಂದ 147 ಹರ್ಟ್ಸ್ ನಡುವೆ ಬೀಳೋದು ಹೆಚ್ಚು. ಆ ಸ್ವರ ನುಡಿಸಿದ ತಕ್ಷಣ ನೆಕ್ ತಾನೂ ಕುಣಿದು ತಂತಿಯ ಶಕ್ತಿಯನ್ನ ಕುಡಿದುಬಿಡುತ್ತೆ. ಹೆಲ್ಮಟ್ ಫ್ಲೈಷರ್ ಅನ್ನೋ ಜರ್ಮನ್ ಸಂಶೋಧಕ ಎಲೆಕ್ಟ್ರಿಕ್ ಗಿಟಾರ್, ಬೇಸ್‌ಗಳ ಮೇಲೆ ಇದನ್ನ ಅಳೆದು ತೋರಿಸಿದ್ದಾನೆ.

ಈಗ ಲೆಕ್ಕ. ಮೇಪಲ್‌ನ ಬಿಗಿತ 12 ಗಿಗಾಪ್ಯಾಸ್ಕಲ್ ಆಸುಪಾಸು. ಎಳೆ ಎಲ್ಲ ಉದ್ದಕ್ಕೇ ಹಾಕಿದ ಕಾರ್ಬನ್ ಕಾಂಪೋಸಿಟ್ 130 ಆಸುಪಾಸು. ಸಾಂದ್ರತೆ (ನೀರು 1 ಅಂದ್ರೆ) ಮೇಪಲ್ 0.7, ಕಾರ್ಬನ್ 1.6. ಕಂಪನದ ವೇಗ ಹೋಗೋದು ಈ ಎರಡರ ಭಾಗಲಬ್ಧದ ವರ್ಗಮೂಲದ ಮೇಲೆ. ಮಾಡಿ ನೋಡಿದರೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬರುತ್ತೆ. ಎರಡು ಪಟ್ಟು ಅಂದ್ರೆ ಸಂಗೀತದವರಿಗೆ ಗೊತ್ತಲ್ಲ, ಒಂದು ಸ್ಥಾಯಿ ಮೇಲೆ. ಡೆಡ್ ಸ್ಪಾಟ್ ಸತ್ತಿಲ್ಲ, ಮೇಲಿನ ಮಹಡಿಗೆ ಮನೆ ಬದಲಾಯಿಸಿದೆ. ಬಾಡಿ, ಹೆಡ್‌ಸ್ಟಾಕ್ ತೂಕ, ನೆಕ್ ಒಳಗೆ ಟೊಳ್ಳೋ ಗಟ್ಟಿಯೋ, ಇವೆಲ್ಲ ಸೇರಿದರೆ ಲೆಕ್ಕ ಆಚೀಚೆ ಆಗುತ್ತೆ. ಆದರೂ ಮಂದ್ರ_ಷಡ್ಜ, ನಾಳೆ ಹೋದರೆ ಜಿ ತಂತಿಯಲ್ಲಿ 15ರಿಂದ 19ನೇ ಫ್ರೆಟ್ ಒಂದೊಂದಾಗಿ ಮೀಟಿ ನೋಡಿ.

ಮಂದ್ರ_ಷಡ್ಜ (ಶನಿವಾರ, ಮಧ್ಯಾಹ್ನ 2:48)

ಈ ಚರ್ಚೆ ಓದ್ತಾ ಪ್ರಶ್ನೆ ಮರೆತೇ ಹೋಗಿತ್ತು. ಕರಕರಕ್ಕೆ ಏನು ಮಾಡಲಿ ಸರ್?

ಸೊನ್ನೆ_ಫ್ರೆಟ್ (ಶನಿವಾರ, ಮಧ್ಯಾಹ್ನ 3:20)

ಕ್ಷಮಿಸಿ, ಊಟಕ್ಕೆ ಕರೆದು ಎಲೆ ಹಾಕೋದೇ ಮರೆತ ಹಾಗಾಯ್ತು.

ತಂತಿ ಕಂಪಿಸುವಾಗ ಅದಕ್ಕೆ ಜಾಗ ಬೇಕು. ಹಾಗಾಗಿ ನೆಕ್ ಪೂರ್ತಿ ಸಪಾಟಾಗಿರಬಾರದು, ನಡುವೆ ಒಂದು ಕೂದಲು ತಗ್ಗಿರಬೇಕು. ಅದನ್ನೇ ರಿಲೀಫ್ ಅನ್ನೋದು. ಮೊದಲ ಫ್ರೆಟ್‌ಗೆ ಕ್ಯಾಪೋ (ತಂತಿ ಒತ್ತಿ ಹಿಡಿಯೋ ಕ್ಲಿಪ್) ಹಾಕಿ, ಬಾಡಿ ಸೇರುವಲ್ಲಿ ಬೆರಳಲ್ಲಿ ಒತ್ತಿ, 7 ಅಥವಾ 8ನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ಸರಾಗವಾಗಿ ತೂರಿದರೆ ಸಾಕು, ಅಂದಾಜು 0.3 ಮಿಲಿಮೀಟರ್. ತಂತಿ ಫ್ರೆಟ್ ಮೇಲೇ ಮಲಗಿದ್ದರೆ ನೆಕ್ ಹಿಂದಕ್ಕೆ ಬಾಗಿದೆ ಅಂತ ಅರ್ಥ. ಮೊದಲ ಮೂರು ಫ್ರೆಟ್ ಕರಕರ ಅನ್ನೋದು ಅದರದ್ದೇ ಗುರುತು.

ಈಗ ಮುಖ್ಯ ವಿಷಯ. ರಾಡ್ ಇಲ್ಲದ ನೆಕ್ಕನ್ನ ತಯಾರಕರು ಒಂದು ನಿರ್ದಿಷ್ಟ ಎಳೆತ ಮನಸ್ಸಲ್ಲಿಟ್ಟುಕೊಂಡೇ ಹದ ಮಾಡಿರ್ತಾರೆ. ಸಾಮಾನ್ಯ 45-105 ಸೆಟ್ (ತೆಳು ತಂತಿ ಇಂಚಿನ ಸಾವಿರದಲ್ಲಿ 45 ಪಾಲು, ದಪ್ಪದ್ದು 105) ನಾಲ್ಕೂ ತಂತಿ ಸೇರಿ ಸುಮಾರು 80 ಕೆಜಿ ಎಳೆಯುತ್ತೆ. ಯಾರೋ ಸ್ಲ್ಯಾಪ್‌ಗೆ (ಹೆಬ್ಬೆರಳಲ್ಲಿ ತಂತಿ ಬಡಿಯೋದು) ಸಲೀಸು ಅಂತ 40-95 ಹಾಕಿಬಿಟ್ಟರೆ ಹತ್ತು ಕೆಜಿಗೂ ಜಾಸ್ತಿ ಕಮ್ಮಿ ಆಯ್ತು. ಅಷ್ಟಕ್ಕೇ ನೆಕ್ ಹಿಂದೆ ಸರಿಯಬಹುದು. ಈ ಥರದ ಬೇಸ್‌ಗೆ ತಂತಿಯೇ ಟ್ರಸ್ ರಾಡ್. ಹೋಗುವಾಗ ಹೊಸ 45-105 ಸೆಟ್ ಒಂದು ತಗೊಂಡು ಹೋಗಿ. ಯಾವ ತಂತಿ ಇದೆ ಅಂತ ಕೇಳಿ, ಬದಲಾಯಿಸೋಕೆ ಅನುಮತಿ ಕೇಳಿ.

ಹಾಗೆ ಮಾಡಿದರೂ ಸರಿಯಾಗದಿದ್ದರೆ ಫ್ರೆಟ್ ಕಿತ್ತು, ಫಿಂಗರ್‌ಬೋರ್ಡ್ ಮಟ್ಟ ಮಾಡಿ, ಮತ್ತೆ ಫ್ರೆಟ್ ಹಾಕಬೇಕು. ಬೋರ್ಡ್ ಫಿನಾಲಿಕ್ (ಗಟ್ಟಿ ರಾಳದ ಹಲಗೆ) ಆಗಿದ್ದರೆ ಫ್ರೆಟ್ ಕೀಳುವಾಗ ಚೂರು ಏಳುತ್ತೆ. ಅನುಭವ ಇಲ್ಲದವರ ಕೈಗೆ ಕೊಡಬೇಡಿ. ಆ ಖರ್ಚನ್ನ ಬೆಲೆಯಲ್ಲಿ ಕಳೆದು ಮಾತಾಡಿ. ತಿರುಚಿದ್ದರೆ, ಅಂದ್ರೆ ಇ ತಂತಿ ಕಡೆ ಒಂದು ಥರ, ಜಿ ಕಡೆ ಇನ್ನೊಂದು ಥರ ಇದ್ದರೆ, ಕೈ ಮುಗಿದು ಕಾಫಿ ಕುಡಿದು ಬಂದುಬಿಡಿ.

ರಾತ್ರಿ_ಪಾಳಿ (ಶನಿವಾರ, ಮಧ್ಯಾಹ್ನ 3:41)

ಒಂದು ಸೇರಿಸ್ತೀನಿ. ನೆಕ್ ಮೇಲೆ ನೀವೇ ಸ್ಯಾಂಡ್‌ಪೇಪರ್ ಆಡಿಸಬೇಡಿ. ಕಾರ್ಬನ್ ಪುಡಿ ಶ್ವಾಸಕ್ಕೆ ಒಳ್ಳೇದಲ್ಲ, ಮೇಲಾಗಿ ವಿದ್ಯುತ್ ಹರಿಸುತ್ತೆ. ಪ್ರಿಆಂಪ್ (ಬೇಸ್ ಒಳಗಿನ ಸರ್ಕ್ಯೂಟ್) ಒಳಗೆ ಬಿದ್ದರೆ ಸದ್ದಿನ ಕಥೆ ಬೇರೆಯೇ ಆಗುತ್ತೆ.

ಕುಡ್ಲ_ಗ್ರೂವ್ (ಶನಿವಾರ, ಸಂಜೆ 4:00)

ಇದನ್ನು ನನಗೆ ನಾಲ್ಕು ವರ್ಷ ಮೊದಲು ಹೇಳುತ್ತಿದ್ದರೆ ಆಗುತ್ತಿತ್ತು. ನೆಕ್ ಬುಡ ಬಾಡಿಯ ಕುಳಿಗೆ ಕೂರದೆ ಊಟದ ಮೇಜಿನ ಮೇಲೆ ಅರ ಹಾಕಿ ಉಜ್ಜಿದವ ನಾನು. ಮೇಜುಬಟ್ಟೆಯ ಕಪ್ಪು ಈಗಲೂ ಹೋಗಲಿಲ್ಲ, ಹೆಂಡತಿಯ ಮಾತೂ ನಿಲ್ಲಲಿಲ್ಲ.

ಮಂದ್ರ_ಷಡ್ಜ (ಸೋಮವಾರ, ಬೆಳಿಗ್ಗೆ 8:30)

ಹೋಗಿ ಬಂದೆ. ಉದ್ದ ಬರೀತೀನಿ, ಬೈಬೇಡಿ.

ಆ ಯಜಮಾನರು ಗರಾಜ್‌ನಲ್ಲಿ ಕೂತಿದ್ದರು. ಕ್ಯಾಪೋ ಹಾಕಿ ಒತ್ತಿ ನೋಡಿದೆ. ಕಾರ್ಡ್ ಇರಲಿ, ಜೇಬಲ್ಲಿದ್ದ ಪೆಟ್ರೋಲ್ ಬಂಕ್ ರಸೀದಿಯೂ ತೂರಲಿಲ್ಲ. ತಂತಿ ಫ್ರೆಟ್ ಮೇಲೆ ಮಲಗಿತ್ತು. ಯಾವ ಸೆಟ್ ಅಂತ ಕೇಳಿದೆ. ಬೆರಳು ನೋವು ಬಂದ ಮೇಲೆ ತೆಳ್ಳಗಿನದು ಹಾಕಿಕೊಂಡೆ ಅಂದರು. ಪೆಟ್ಟಿಗೆಯಲ್ಲಿ ಖಾಲಿ ಕವರ್ ಇತ್ತು, 40-95! ಸೊನ್ನೆ ಫ್ರೆಟ್ ಅವರೇ, ನೀವು ಜ್ಯೋತಿಷ್ಯ ಏನಾದರೂ ಹೇಳ್ತೀರಾ?

ಹೊಸ 45-105 ಹಾಕಲಾ ಅಂದೆ. ಮೊದಲು ಮುಖ ಸಿಂಡರಿಸಿದರು. ಆಮೇಲೆ ತಾವೇ ಕಟರ್ ತಂದು ಕೊಟ್ಟರು. ಒಂದೊಂದೇ ತಂತಿ ಬದಲಾಯಿಸಿ ಶ್ರುತಿಗೆ ತಂದು, ಅವರು ಕೊಟ್ಟ ಕಾಫಿ ಮುಗಿಸಿ (ನಮ್ಮ ಕಾಫಿ ಅಲ್ಲ, ಬಿಸಿನೀರಿಗೆ ಬಣ್ಣ ಹಾಕಿದ್ದು), ಅರ್ಧ ಗಂಟೆ ಬಿಟ್ಟು ನೋಡಿದೆ. ರಸೀದಿ ತೂರಿತು. ಎರಡಾಗಿ ಮಡಚಿದರೂ ತೂರಿತು. ನಾಲ್ಕಾಗಿ ಮಡಚಿದರೆ ಸಿಕ್ಕಿಕೊಂಡಿತು. ಇ ಕಡೆ, ಜಿ ಕಡೆ ಎರಡೂ ಒಂದೇ. ಮೊದಲ ಮೂರು ಫ್ರೆಟ್ ಸ್ವಚ್ಛ. 14ನೇ ಫ್ರೆಟ್ ಒಂದು ಮಾತ್ರ ಚೂರು ಎದ್ದಿದೆ, 13ರಲ್ಲಿ ಒತ್ತಿದರೆ ಡಿ ತಂತಿ ಗೊಣಗುತ್ತೆ.

ರಾತ್ರಿ ಪಾಳಿಯವರು ಹೇಳಿದ ಹಾಗೆ ಜಿ ತಂತಿಯಲ್ಲಿ ಮೇಲೆ ಹತ್ತಿದೆ. 5, 6, 7 ಮೂರೂ ಗಂಟೆ ಹೊಡೆದ ಹಾಗೆ ನಿಂತವು. 15 ಸರಿ. 16 ಸರಿ. 17ಕ್ಕೆ ಬಂದಾಗ ಸ್ವರ ಒಂದು ಕ್ಷಣ ನಿಂತು ಒಳಗೆಳೆದುಕೊಂಡಿತು. ಸತ್ತಿಲ್ಲ, ಸೋತಿತು ಅನ್ನಬಹುದು. 18 ಮತ್ತೆ ಸರಿ. ಯಜಮಾನರಿಗೆ ತೋರಿಸಿದೆ. ಇಷ್ಟು ವರ್ಷ ಇಟ್ಟುಕೊಂಡಿದ್ದವರು ಅಲ್ಲಿವರೆಗೆ ಹೋಗೇ ಇರಲಿಲ್ಲವಂತೆ. "ಅಷ್ಟು ಮೇಲೆ ಬೇಸ್‌ನವನಿಗೇನು ಕೆಲಸ" ಅಂತ ನಕ್ಕರು. 14ನೇ ಫ್ರೆಟ್ ತೋರಿಸಿ ಸ್ವಲ್ಪ ಇಳಿಸಿದೆ. ತಗೊಂಡೆ.

ರಾತ್ರಿ_ಪಾಳಿ (ಸೋಮವಾರ, ಬೆಳಿಗ್ಗೆ 8:44)

17!! ಇವತ್ತು ಆಫೀಸಲ್ಲಿ ಎಲ್ಲರಿಗೂ ಟೀ ನನ್ನದು.

ಹಲಸಿನ_ದಂಡಿ (ಸೋಮವಾರ, ಬೆಳಿಗ್ಗೆ 9:15)

ಅಭಿನಂದನೆ. ಪಿಯಾನೋ ಅಂದ ಮಾತು ವಾಪಸ್ ತಗೊಳ್ಳಲ್ಲ. ಆದರೆ ಜಿ ತಂತಿ 6ನೇ ಫ್ರೆಟ್‌ನಲ್ಲಿ ಒಂದು ಉದ್ದ ಸ್ವರ ಹಿಡಿದು ರೆಕಾರ್ಡ್ ಮಾಡಿ ಹಾಕ್ತೀರಾ? ಸುಮ್ಮನೆ ಕೇಳೋಕೆ.

ಹುಬ್ಬಳ್ಳಿ_ಲೋ_ಇ (ಸೋಮವಾರ, ಬೆಳಿಗ್ಗೆ 9:22)

ಆ ಬಿಚ್ಚಿದ 40-95 ತಂತಿ ಒಗದಿಲ್ಲಲ್ರಿ? ಊರಿಗೆ ಬರೋಮುಂದ ತರ್ರಿ, ನನ್ನ ಬೆರಳಿಗೂ ವಯಸ್ಸಾಗೇತಿ.